ಸಂಧಾನಕ್ಕೆ ಹೋದಾಗ ಐವರೂ ದಾಳ ಉರುಳಿಸಿ



ನಿಮ್ಮಲ್ಲಿ ಕೆಲವರ ಕಾಲೇಜು ಚೀಲದಲ್ಲಿ ಇಪ್ಪತ್ತು ಮುಖದ ದಾಳವೊಂದು ಇದೆಯೆಂದು ನನಗೆ ಗೊತ್ತು. ನಿಮ್ಮ ತಾಯಂದಿರಿಗೂ ಗೊತ್ತು. ಅವರಲ್ಲೊಬ್ಬರು ಅದನ್ನು ಜೂಜಿನ ಸಾಮಾನೆಂದೇ ತಿಳಿದು, ಸಂಘದ ಪೂಜೆಯ ದಿನ ನನ್ನನ್ನು ಬದಿಗೆ ಕರೆದು ಪಿಸುಮಾತಿನಲ್ಲಿ ವಿಚಾರಿಸಿದ್ದೂ ಉಂಟು. "ಜೂಜಲ್ಲ ತಾಯಿ, ಅದು ಮಾತಿನ ಆಟ. ನಿಮ್ಮ ಮಾವನವರು ರಾತ್ರಿಯಿಡೀ ನಿದ್ದೆಗೆಟ್ಟು ಕೇಳುತ್ತಿದ್ದ ತಾಳಮದ್ದಳೆಗೆ ದೂರದ ನೆಂಟ" ಎಂದು ಸಮಾಧಾನ ಹೇಳಿ ಕಳುಹಿಸಿದೆ. ಅವರಿಗೆ ಎಷ್ಟು ಸಮಾಧಾನವಾಯಿತೋ ತಿಳಿಯದು. ನನಗಂತೂ ಆ ಮಾತು ಬಾಯಿಂದ ಬಿದ್ದ ಮೇಲೆ ತಲೆಯಲ್ಲಿ ಉಳಿದುಬಿಟ್ಟಿತು. ಅದನ್ನೇ ನಿಮ್ಮೊಂದಿಗೆ ಸ್ವಲ್ಪ ವಿಸ್ತಾರವಾಗಿ ಹಂಚಿಕೊಳ್ಳೋಣವೆಂದು ಈ ಬರಹ.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಸೇರಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ ಆಟವನ್ನು ಹೊರತಂದರು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ಇನ್ನೊಬ್ಬ ಕಥೆಯನ್ನು ನಡೆಸುತ್ತಾನೆ. ಊರು, ಕಾಡು, ಕಾವಲುಗಾರ, ದೊರೆ ಎಲ್ಲವೂ ಅವನ ಬಾಯಲ್ಲೇ. ಅವನನ್ನು ಇಂಗ್ಲಿಷಿನಲ್ಲಿ ಏನೋ ಮಾಸ್ಟರ್ ಎನ್ನುತ್ತಾರೆ, ನಾನು ಭಾಗವತ ಎಂದೇ ಕರೆಯುತ್ತೇನೆ. ವೇಷವಿಲ್ಲ, ರಂಗವಿಲ್ಲ. "ನಾನು ಗೋಡೆ ಹತ್ತುತ್ತೇನೆ" ಎಂದು ನೀವು ಹೇಳುತ್ತೀರಿ. ಹತ್ತಿದಿರೋ ಬಿದ್ದಿರೋ ಎಂಬುದನ್ನು ಭಾಗವತನು ಇಟ್ಟ ಒಂದು ಸಂಖ್ಯೆಯೂ ನಿಮ್ಮ ದಾಳವೂ ಸೇರಿ ತೀರ್ಮಾನಿಸುತ್ತವೆ. ದಾಳದಲ್ಲಿ ಬಿದ್ದದ್ದಕ್ಕೆ ನಿಮ್ಮ ಪಾತ್ರದ ಕೌಶಲದ ಅಂಕವನ್ನು ಕೂಡಿಸಬೇಕು. ಇಷ್ಟೇ ವ್ಯಾಕರಣ.

ಕೋಪರಿಯ ನಮ್ಮ ಮನೆಯಲ್ಲಿ ತಿಂಗಳಿಗೆ ಎರಡು ಭಾನುವಾರ ಇದು ನಡೆಯುತ್ತದೆ. ಆಡುವವರು ಐವರು, ಭಾಗವತಿಕೆ ನನ್ನದು. ಚಹಾ ಮತ್ತು ಚುರುಮುರಿ ಮನೆಯವರದು. ಕತ್ತಿ ಕಾಳಗದ ಭಾಗ ಬಂದರೆ ನನಗೇನೂ ಚಿಂತೆಯಿಲ್ಲ. ಅಲ್ಲಿ ಸರದಿ ಉಂಟು. ಒಬ್ಬರಾದ ಮೇಲೆ ಒಬ್ಬರು, ಯಾರನ್ನೂ ಬಿಡುವ ಹಾಗಿಲ್ಲ. ಚಿಂತೆ ಹುಟ್ಟುವುದು ಮಾತಿನ ಪ್ರಸಂಗದಲ್ಲಿ. "ನೀವೀಗ ಅಧಿಕಾರಿಯ ಎದುರು ನಿಂತಿದ್ದೀರಿ, ಏನು ಹೇಳುತ್ತೀರಿ?" ಎಂದು ಕೇಳಿದ ಕೂಡಲೇ ನಾಲ್ಕು ಮುಖಗಳು ಐದನೆಯವನ ಕಡೆ ತಿರುಗುತ್ತವೆ. ಅವನು ಮಾತಿನ ಮಲ್ಲ. ಅವನ ಪಾತ್ರಕ್ಕೂ ವಾಕ್ಚಾತುರ್ಯದ ಅಂಕ ಹೆಚ್ಚು. ಅವನು ಅರ್ಧ ಗಂಟೆ ಮಾತಾಡುತ್ತಾನೆ, ಒಂದು ದಾಳ ಹಾಕುತ್ತಾನೆ, ಗೆಲ್ಲುತ್ತಾನೆ. ಉಳಿದ ನಾಲ್ವರ ಕೈಗೆ ಅಷ್ಟರಲ್ಲಿ ಮೊಬೈಲು ಬಂದಿರುತ್ತದೆ.

ಈ ದೃಶ್ಯವನ್ನು ನೀವು ಬೇರೆಲ್ಲೂ ಕಂಡಿಲ್ಲವೇ? ನಮ್ಮ ವಾರ್ಷಿಕೋತ್ಸವವನ್ನೇ ನೆನಪಿಸಿಕೊಳ್ಳಿ. ಹತ್ತಾರು ಮಕ್ಕಳಲ್ಲಿ ಒಬ್ಬಳು ಕನ್ನಡವನ್ನು ತಡವರಿಸದೆ ಮಾತಾಡುತ್ತಾಳೆ. ಹೀಗಾಗಿ ಪ್ರಾರ್ಥನೆ ಅವಳದು, ನಿರೂಪಣೆ ಅವಳದು, ವಂದನಾರ್ಪಣೆಯೂ ಅವಳದೇ. ಉಳಿದವರು ಕುರ್ಚಿ ಜೋಡಿಸುತ್ತಾರೆ, ನೀರಿನ ಬಾಟಲಿ ಹಂಚುತ್ತಾರೆ. ಮೂರನೆಯ ವರ್ಷಕ್ಕೆ ಬರುವುದನ್ನೇ ನಿಲ್ಲಿಸುತ್ತಾರೆ. ಕಾರ್ಯಕ್ರಮ ಚೆನ್ನಾಗಿಯೇ ಆಗಿರುತ್ತದೆ, ಆ ಮಾತು ಬೇರೆ. ಆದರೆ ನಿಮ್ಮ ಪೀಳಿಗೆಯಲ್ಲಿ ಕನ್ನಡ ಎಷ್ಟು ಬಾಯಿಗಳಲ್ಲಿ ಉಳಿಯುತ್ತದೆ ಎಂಬುದು ಆ ಕುರ್ಚಿ ಜೋಡಿಸುವವರ ಕೈಯಲ್ಲಿದೆಯೇ ಹೊರತು ಮೈಕು ಹಿಡಿದವಳ ಕೈಯಲ್ಲಿಲ್ಲ. ಅವಳು ಹೇಗೂ ಮಾತಾಡುತ್ತಾಳೆ.

ಹಾಗಾಗಿ ಆಟದ ಈ ಸಣ್ಣ ತೊಡಕು ನನಗೆ ಸಣ್ಣದಾಗಿ ಕಾಣಲಿಲ್ಲ.

ಇದಕ್ಕೆ ಆಟದ ಪುಸ್ತಕದಲ್ಲೇ ಒಂದು ಮದ್ದಿದೆ. 2014ರಲ್ಲಿ ಬಂದ ಐದನೆಯ ಆವೃತ್ತಿಯಲ್ಲಿ ಗುಂಪು ಪರೀಕ್ಷೆ ಎಂಬ ನಿಯಮ ಎರಡೇ ಸಾಲಿನಲ್ಲಿದೆ. ಗುಂಪಿನ ಪ್ರತಿಯೊಬ್ಬರೂ ದಾಳ ಹಾಕಬೇಕು. ಕನಿಷ್ಠ ಅರ್ಧದಷ್ಟು ಮಂದಿ ಗೆದ್ದರೆ ಇಡೀ ಗುಂಪೇ ಗೆದ್ದಂತೆ. ಐವರಿದ್ದರೆ ಮೂವರು. ಜವುಗು ನೆಲ ದಾಟುವಾಗ, ಕಾವಲುಗಾರರ ಕಣ್ಣು ತಪ್ಪಿಸಿ ನಡೆಯುವಾಗ ಇದನ್ನು ಬಳಸುವುದು ರೂಢಿ. ಮಾತಿನ ಪ್ರಸಂಗಕ್ಕೆ ಯಾಕೆ ಬಳಸಬಾರದು?

ಬಳಸಬಹುದು, ಆದರೆ ಯೋಚಿಸದೆ ಬಳಸಿದರೆ ಕೆಲಸ ಕೆಡುತ್ತದೆ. ಲೆಕ್ಕ ನೋಡಿ, ನಿಮ್ಮಲ್ಲಿ ಹಲವರು ಎಂಜಿನಿಯರಿಂಗ್ ಓದುವವರು, ಬೇಸರಪಡಬೇಡಿ. ನಮ್ಮ ಮಾತಿನ ಮಲ್ಲನಿಗೆ ಕೌಶಲದ ಅಂಕ ಸೇರಿ ದಾಳದಲ್ಲಿ 5 ಬಿದ್ದರೆ ಸಾಕು ಎಂದಿಟ್ಟುಕೊಳ್ಳೋಣ. ಅಂದರೆ ನೂರಕ್ಕೆ 80 ಸಲ ಗೆಲುವು. ಉಳಿದ ನಾಲ್ವರಿಗೆ 15 ಬೀಳಬೇಕು; ನೂರಕ್ಕೆ 30. ಈಗ "ಯಾರಾದರೂ ಒಬ್ಬರು ಗೆದ್ದರೆ ಸಾಕು" ಎಂದು ಭಾಗವತನು ಹೇಳಿದರೆ ಗುಂಪು ನೂರಕ್ಕೆ 95 ಸಲ ಗೆಲ್ಲುತ್ತದೆ. "ಎಲ್ಲರೂ ಗೆಲ್ಲಲೇಬೇಕು" ಎಂದರೆ ನೂರಕ್ಕೆ ಒಂದು ಸಲವೂ ಇಲ್ಲ. "ಅರ್ಧ ಮಂದಿ ಗೆದ್ದರೆ ಸಾಕು" ಎಂದರೆ ಸುಮಾರು 30. ಅದೇ ಐವರು, ಅದೇ ದಾಳ, ಅದೇ ಅಧಿಕಾರಿ! ಯಾವ ನಿಯಮವನ್ನು ಆರಿಸಿದಿರಿ ಎಂಬುದರಲ್ಲೇ ಅರ್ಧ ಕಥೆ ಬರೆದುಹೋಗುತ್ತದೆ. ಇದನ್ನು ಅರಿಯದ ಭಾಗವತನು ಹುಡುಗರಿಗೆ ಅನ್ಯಾಯ ಮಾಡುತ್ತಾನೆ, ಅದೂ ನಗುನಗುತ್ತಾ.

ಇನ್ನೊಂದನ್ನೂ ಗಮನಿಸಿ. 80ರಲ್ಲಿದ್ದ ಗೆಲುವು ಗುಂಪು ಪರೀಕ್ಷೆಯಿಂದ 30ಕ್ಕೆ ಇಳಿಯಿತು. ಅಂದರೆ ಮಲ್ಲನೊಬ್ಬನೇ ಹೋಗಿದ್ದರೆ ಒಳ್ಳೆಯದಿತ್ತು, ಉಳಿದವರು ಹೊರೆಯಾದರು. ನಾಲ್ವರನ್ನು ಸೇರಿಸಿಕೊಳ್ಳಲು ಹೋಗಿ, "ನೀವಿಲ್ಲದಿದ್ದರೆ ಚೆನ್ನಾಗಿತ್ತು" ಎಂದು ಅವರಿಗೆ ಗಣಿತದ ಮೂಲಕ ಹೇಳಿದಂತಾಯಿತು. ಇದಕ್ಕಿಂತ ಕುರ್ಚಿ ಜೋಡಿಸುವುದೇ ವಾಸಿ.

ತಪ್ಪು ಇರುವುದು ಐವರಿಂದಲೂ ಒಂದೇ ಕೌಶಲವನ್ನು ಕೇಳಿದ್ದರಲ್ಲಿ. ಎಲ್ಲರೂ ವಾದವನ್ನೇ ಮಾಡಬೇಕೆಂದು ಯಾರು ಹೇಳಿದರು? ಐದನೆಯ ಆವೃತ್ತಿಯ ಪುಸ್ತಕ ಒಂದೇ ಬಗೆಯ ಪರೀಕ್ಷೆಯನ್ನು ಎಲ್ಲರಿಗೂ ಇಡುತ್ತದೆ, ನಿಜ. ಆದರೆ ಅದಕ್ಕೂ ಹಿಂದೆ, 2008ರ ನಾಲ್ಕನೆಯ ಆವೃತ್ತಿಯಲ್ಲಿ ಕೌಶಲಗಳ ಸರಣಿ ಎಂಬ ಪದ್ಧತಿಯಿತ್ತು. ಮೂರು ಸೋಲು ಕೂಡಿಬೀಳುವ ಮೊದಲು ಇಷ್ಟು ಗೆಲುವು ಸೇರಿಸಬೇಕು ಎಂಬುದು ಅದರ ತಿದ್ದಿದ ರೂಪದ ನಿಯಮ. ಅದರಲ್ಲಿ ಒಬ್ಬೊಬ್ಬರು ಒಂದೊಂದು ಕೌಶಲದಿಂದ ಬರಬಹುದಿತ್ತು. ಆ ಪದ್ಧತಿಯನ್ನು ಅನೇಕರು ಬೈದರು. ಮಾತು ಬಿಟ್ಟು ಬರೇ ಎಣಿಕೆಯಾಯಿತು ಎಂಬುದು ದೂರು. ದೂರು ಸುಳ್ಳಲ್ಲ. ಆದರೂ ಅದರ ಒಳ್ಳೆಯ ಗುಣವನ್ನು ಎತ್ತಿ ಗುಂಪು ಪರೀಕ್ಷೆಗೆ ಕಸಿ ಮಾಡಿದರೆ ಫಲ ಬರುತ್ತದೆ. ಒಬ್ಬೊಬ್ಬರನ್ನೂ ಅವರಿಗೆ ಬರುವುದನ್ನೇ ಕೇಳಿ. ಆಗ ಆ ನಾಲ್ವರಿಗೆ 15ರ ಬದಲು 9 ಬಿದ್ದರೆ ಸಾಕಾಗುತ್ತದೆ ಎನ್ನೋಣ, ನೂರಕ್ಕೆ 60. ಗುಂಪಿನ ಗೆಲುವು 30ರಿಂದ 75ಕ್ಕೆ ಏರುತ್ತದೆ. ಮಲ್ಲನೊಬ್ಬನೇ ಹೋದರೆ 80 ಇತ್ತಲ್ಲ ಎಂದು ನೀವು ಹೇಳಬಹುದು. ಇರಲಿ ಬಿಡಿ. ಐದರ ವ್ಯತ್ಯಾಸಕ್ಕೆ ನಾಲ್ವರನ್ನು ಹೊರಗಿಡಲು ನನಗೆ ಮನಸ್ಸಿಲ್ಲ.

ಈಗ ಒಂದು ಪ್ರಸಂಗ ಹೇಳುತ್ತೇನೆ. ಕಥೆ ಕಟ್ಟಲು ನಾವು ಡ್ರ್ಯಾಗನ್ನುಗಳ ದೇಶಕ್ಕೆ ಹೋಗಲಿಲ್ಲ, ಠಾಣೆಯಲ್ಲೇ ಉಳಿದೆವು. ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಬಂದದ್ದು 1853ರ ಏಪ್ರಿಲ್ 16ರಂದು ಎಂದು ಶಾಲೆಯಲ್ಲಿ ಓದಿದ್ದೀರಿ. ಅದಕ್ಕೂ ಒಂದು ಸಾವಿರ ವರ್ಷ ಹಿಂದೆ ಇಲ್ಲಿ ಏನಿತ್ತು? ಈ ಊರಿನ ಹಳೆಯ ಹೆಸರು ಸ್ಥಾನಕ, ಶ್ರೀಸ್ಥಾನಕ. ಉತ್ತರ ಕೊಂಕಣವನ್ನಾಳಿದ ಶಿಲಾಹಾರರ ರಾಜಧಾನಿ. ಆ ಶಿಲಾಹಾರರು ಯಾರ ಸಾಮಂತರು? ನಮ್ಮ ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. ಬೊರಿವಲಿಯ ಕಾನ್ಹೇರಿ ಗುಹೆಗಳಿಗೆ ನೀವು ಪಿಕ್‌ನಿಕ್ಕಿಗೆ ಹೋಗುತ್ತೀರಲ್ಲ, ಅಲ್ಲಿಯ 9ನೆಯ ಶತಮಾನದ ಶಾಸನಗಳಲ್ಲಿ ಅಮೋಘವರ್ಷನ ಹೆಸರಿದೆ, ಅವನ ಕೈಕೆಳಗೆ ಕೊಂಕಣವನ್ನು ನೋಡಿಕೊಂಡ ಪುಲ್ಲಶಕ್ತಿ, ಕಪರ್ದಿ ಎಂಬ ಶಿಲಾಹಾರರ ಹೆಸರುಗಳಿವೆ. ಅಮೋಘವರ್ಷನೆಂದರೆ ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ ಕವಿರಾಜಮಾರ್ಗಕ್ಕೆ ಆಶ್ರಯ ಕೊಟ್ಟ ಅದೇ ನೃಪತುಂಗ. 851ರಲ್ಲಿ ಸುಲೈಮಾನನೆಂಬ ಅರಬ್ ವರ್ತಕನ ಹೆಸರಿನಲ್ಲಿ ಬಂದ ಬರಹ ಈ ರಾಷ್ಟ್ರಕೂಟ ದೊರೆಯನ್ನು ಬಲ್ಹರ ಎಂದು ಕರೆದು, ಲೋಕದ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸುತ್ತದೆ. ನಮ್ಮ ಮೇಲೆ "ಹೊರಗಿನಿಂದ ಬಂದವರು" ಎಂಬ ಮಾತು ಬಂದಾಗ ಜಗಳ ತೆಗೆಯಲು ಇದನ್ನು ಹೇಳುತ್ತಿಲ್ಲ. ಆಟಕ್ಕೆ ಒಳ್ಳೆಯ ಸಾಮಗ್ರಿ ಎಂದು ಹೇಳುತ್ತಿದ್ದೇನೆ.

ಪ್ರಸಂಗ ಇಷ್ಟು. ಮಾನ್ಯಖೇಟದಿಂದ ಹೊರಟ ಐವರು ಸ್ಥಾನಕದ ಕೊಲ್ಲಿಗೆ ಬಂದಿದ್ದಾರೆ. ಅರಬ್ ದೇಶದಿಂದ ಬಂದ ಕುದುರೆಗಳ ದೋಣಿಯನ್ನು ಸುಂಕದ ಅಧಿಕಾರಿ ತಡೆಹಿಡಿದಿದ್ದಾನೆ. ಮುದ್ರೆಯ ಪತ್ರ ದಾರಿಯಲ್ಲಿ ನೆನೆದು ಓದಲಾಗದ ಹಾಗಾಗಿದೆ. ನೀರು ಇಳಿದುಹೋದರೆ ದೋಣಿ ಕೆಸರಿನಲ್ಲಿ ಕೂರುತ್ತದೆ, ಬಿಸಿಲಿಗೆ ಕುದುರೆಗಳು ಸಾಯುತ್ತವೆ. ಐವರೆಂದರೆ ಒಬ್ಬ ವರ್ತಕ (ಮಾತಿನ ಮಲ್ಲನದೇ ಪಾತ್ರ, ಹೇಳಬೇಕೇ!), ಒಬ್ಬ ಅಂಗರಕ್ಷಕ, ಒಬ್ಬ ಕವಿ, ಒಬ್ಬಳು ಅಶ್ವವೈದ್ಯೆ, ಒಬ್ಬಳು ದೋಣಿ ನಡೆಸುವವಳು.

ಇಲ್ಲಿ ಭಾಗವತನು ಮೊದಲು ಮಾಡಬೇಕಾದ ಕೆಲಸ ಅಧಿಕಾರಿಗೆ ಒಂದು ಮನಸ್ಸು ಕೊಡುವುದು. 2014ರ ಭಾಗವತರ ಕೈಪಿಡಿ ಇದಕ್ಕೆ ಸರಳವಾದ ದಾರಿ ತೋರಿಸುತ್ತದೆ. ಎದುರಿಗಿರುವವನು ಸ್ನೇಹಿತನೋ, ಉದಾಸೀನನೋ, ವೈರಿಯೋ ಎಂದು ಮೊದಲು ನಿರ್ಧರಿಸಿ. ಉದಾಸೀನನಾದವನು ತನಗೆ ಅಪಾಯವಿಲ್ಲದ ಕೆಲಸವನ್ನು 10ಕ್ಕೆ ಮಾಡಿಕೊಡುತ್ತಾನೆ. ಸಣ್ಣ ಅಪಾಯವೊಂದನ್ನು ಮೈಮೇಲೆ ಎಳೆದುಕೊಳ್ಳಬೇಕಾದರೆ 20 ಬೇಕು. ವೈರಿಯಾದವನು 20 ಬಿದ್ದರೂ ತನಗೆ ನಷ್ಟವಿಲ್ಲದ್ದನ್ನಷ್ಟೇ ಮಾಡಿಯಾನು. ಮಾತಿನ ನಡುವೆ ಅವನ ಆಸೆ, ಅಂಜಿಕೆಗಳನ್ನು ಸರಿಯಾಗಿ ಗುರುತಿಸಿದರೆ ಮನಸ್ಸನ್ನು ಒಂದು ಮೆಟ್ಟಿಲು ಸರಿಸಬಹುದು. ಎಂಥ ದೊಡ್ಡ ದಾಳ ಬಿದ್ದರೂ ವೈರಿ ಒಂದೇ ಮಾತಿಗೆ ಕಾಲಿಗೆ ಬೀಳುವುದಿಲ್ಲ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ನಮ್ಮ ಸಿನೆಮಾಗಳಿಗೂ ಯಾರಾದರೂ ಇದನ್ನು ಹೇಳಿಕೊಡಬೇಕು.

ನಮ್ಮ ಅಧಿಕಾರಿ ಉದಾಸೀನ. ಪತ್ರವಿಲ್ಲದೆ ದೋಣಿ ಬಿಟ್ಟರೆ ಅವನ ತಲೆದಂಡ. ಇದು ನನಗೆ ಗೊತ್ತು, ಹುಡುಗರಿಗೆ ಗೊತ್ತಿಲ್ಲ.

ವರ್ತಕ ಎಂದಿನಂತೆ ಶುರು ಮಾಡಿದ. ನಾನು ಅವನನ್ನು ಎರಡು ನಿಮಿಷಕ್ಕೆ ನಿಲ್ಲಿಸಿ, "ನೀನು ಮಾತಾಡುತ್ತಿರುವಾಗ ಉಳಿದವರು ಏನು ಮಾಡುತ್ತಿದ್ದಾರೆ?" ಎಂದು ಕೇಳಿದೆ. ಈ ಒಂದು ಪ್ರಶ್ನೆಯನ್ನು ನೀವು ಬಾಯಿಪಾಠ ಮಾಡಿಟ್ಟುಕೊಳ್ಳಿ, ಮುಂದೆ ಭಾಗವತಿಕೆ ಮಾಡುವಾಗ ಬೇಕಾಗುತ್ತದೆ. ಕವಿ ಸ್ವಲ್ಪ ಯೋಚಿಸಿ, "ಅವನ ಒಡೆಯನ ಬಿರುದು ಹೇಳಿ ನಮಸ್ಕರಿಸುತ್ತೇನೆ" ಎಂದ. ಶಿಲಾಹಾರರು ತಮ್ಮನ್ನು ತಗರಪುರ ಪರಮೇಶ್ವರರೆಂದು ಕರೆದುಕೊಳ್ಳುತ್ತಿದ್ದರು. ಹಿಂದಿನ ಭಾನುವಾರ ನಾನು ಹೇಳಿದ್ದನ್ನು ಅವನು ಬರೆದಿಟ್ಟುಕೊಂಡಿದ್ದ. ಚರಿತ್ರೆಯ ಕೌಶಲ, ದಾಳ ಬಿದ್ದದ್ದು 14, ಗೆಲುವು. ಅಶ್ವವೈದ್ಯೆ ದೋಣಿಯ ಹತ್ತಿರ ಹೋಗಿ ಒಂದು ಕುದುರೆಯ ಮೂಗಿನ ಮೇಲೆ ಕೈಯಿಟ್ಟಳು. ಅವಳಿಗೆ 3 ಬಿತ್ತು, ಕುದುರೆ ಒದೆಯಿತು. ಸೋಲು. ಅಂಗರಕ್ಷಕ ಕತ್ತಿಯ ಹಿಡಿಯ ಮೇಲೆ ಕೈಯಿಡುತ್ತೇನೆಂದ. "ಹೆದರಿಸಲೋ?" ಎಂದೆ. "ಅಲ್ಲ, ಅವನ ಕಣ್ಣು ಎತ್ತ ಹೋಗುತ್ತದೆ ನೋಡಲು." ಜಾಣ ಹುಡುಗ! 17. ಅಧಿಕಾರಿಯ ಕಣ್ಣು ಕತ್ತಿಯ ಮೇಲೆ ಬೀಳಲಿಲ್ಲ, ಹಿಂದಿದ್ದ ಗುಮಾಸ್ತನ ಮೇಲೆ ಬಿತ್ತು. ಅವನ ಹೆದರಿಕೆ ಇವರದಲ್ಲ, ತನ್ನ ಮೇಲೆ ವರದಿ ಬರೆಯುವವನದು. ಅಲ್ಲಿಗೆ ಎರಡು ಗೆಲುವು, ಒಂದು ಸೋಲು. ವರ್ತಕನ ದಾಳ 2. ಮಲ್ಲನಿಗೂ ಐದರಲ್ಲೊಂದು ಸಲ ಜಾರುತ್ತದೆಯಲ್ಲವೇ, ಅದು ಅಂದೇ ಆಯಿತು. ಮಾತು ಹೆಚ್ಚಾಗಿ ಅಧಿಕಾರಿ ಮುಖ ತಿರುಗಿಸಿದ.

ಉಳಿದವಳು ದೋಣಿಯವಳು. ಆ ಹುಡುಗಿ ಮೂರು ತಿಂಗಳಿಂದ ನಮ್ಮಲ್ಲಿಗೆ ಬರುತ್ತಿದ್ದಳು, ಮಾತಿನ ಪ್ರಸಂಗದಲ್ಲಿ ಬಾಯಿ ತೆರೆದವಳೇ ಅಲ್ಲ. ಮನೆಯಲ್ಲಿ ಅಜ್ಜಿ ತೀರಿಕೊಂಡ ಮೇಲೆ ಕನ್ನಡ ನಿಂತುಹೋಗಿದೆ, ಶಾಲೆಯಲ್ಲಿ ಇಂಗ್ಲಿಷು, ಕಟ್ಟಡದಲ್ಲಿ ಮರಾಠಿ. ಎಲ್ಲರೂ ಅವಳನ್ನೇ ನೋಡಿದರು. ಅವಳು ಕೆಂಪಾಗಿ, "ಸಾಹೇಬರೇ, ಈಗ ಭರತಿ ಇದೆ. ಓಹೋಟಿ ಆದರೆ ದೋಣಿ ಇಲ್ಲೇ ಕೂರುತ್ತದೆ. ಆಮೇಲೆ ಕುದುರೆ ಸತ್ತರೆ ನಿಮ್ಮ ಜಾಗದಲ್ಲೇ ಸತ್ತ ಹಾಗೆ. ಅದನ್ನು ಅವರು ಬರೆಯುತ್ತಾರೆ ಅಲ್ಲವಾ?" ಎಂದಳು.

ಮೇಜಿನ ಸುತ್ತ ಒಂದು ಕ್ಷಣ ಸದ್ದಿಲ್ಲ. ನಾಲ್ವರು ನೋಡಿದ್ದನ್ನೆಲ್ಲ ಅವಳು ಒಂದು ಮಾತಿನಲ್ಲಿ ಕಟ್ಟಿಬಿಟ್ಟಿದ್ದಳು. ದಾಳ ಹಾಕಿದಳು, 12 ಬಿತ್ತು. ದೋಣಿಯ ಕೌಶಲದ ಅಂಕ ಸೇರಿ ಸಾಕಾಯಿತು. ಐವರಲ್ಲಿ ಮೂವರು. ದೋಣಿ ಹೊರಟಿತು.

ಅವಳು ಬಳಸಿದ್ದು ಮರಾಠಿ ಪದಗಳೆಂದು ಯಾರೋ ನಕ್ಕರು. ನಾನು ಹೇಳಿದೆ, ಕರಾವಳಿಯ ಕನ್ನಡದಲ್ಲಿ ನೀರು ಏರುವುದಕ್ಕೆ ಭರತ, ಇಳಿಯುವುದಕ್ಕೆ ಇಳಿತ. ಅವಳ ಭರತಿಗೂ ನಮ್ಮ ಭರತಕ್ಕೂ ಒಂದು ಗುಡಿಸುಳಿಯ ಅಂತರ ಎಂದು. ಅವಳು ತನ್ನ ಹಾಳೆಯ ಮೇಲೆ ಎರಡೂ ಪದಗಳನ್ನು ಬರೆದುಕೊಂಡಳು, ಇಂಗ್ಲಿಷ್ ಲಿಪಿಯಲ್ಲಿ.

ಇಲ್ಲಿ ನನ್ನದೊಂದು ಕಟ್ಟುನಿಟ್ಟು. ಆಡುವವರ ಕನ್ನಡಕ್ಕೆ ಅಂಕ ಕೊಡಬಾರದು, ಕಡಿಯಲೂ ಬಾರದು. ಏನು ಹೇಳಿದರು, ಯಾರಿಗೆ ಹೇಳಿದರು, ಎದುರಿನವನ ಮನಸ್ಸಿಗೆ ಅದು ಮುಟ್ಟುವ ಸಂಗತಿಯೇ, ಇಷ್ಟೇ ನೋಡಬೇಕು. ಗೋಡೆ ಹತ್ತುವೆನೆಂದವನಿಗೆ ನಿಜವಾಗಿ ಗೋಡೆ ಹತ್ತಿ ತೋರಿಸು ಎನ್ನುತ್ತೇವೆಯೇ? ಮಾತಿಗೆ ಮಾತ್ರ ಯಾಕೆ ಆ ಶಿಕ್ಷೆ? "ನಾನು ಅವನಿಗೆ ನೀರಿನ ಲೆಕ್ಕ ಹೇಳಿ ಒಪ್ಪಿಸುತ್ತೇನೆ" ಎಂದು ಒಂದೇ ಸಾಲಿನಲ್ಲಿ ಹೇಳಿದರೂ ದಾಳ ಹಾಕುವ ಹಕ್ಕು ಪೂರ್ತಿ ಇದೆ.

ತಾಳಮದ್ದಳೆಗೂ ಈ ಆಟಕ್ಕೂ ಇರುವ ದೊಡ್ಡ ಅಂತರ ಇದೇ. ಅಲ್ಲಿ ದಾಳವಿಲ್ಲ, ಅರ್ಥಧಾರಿಯ ನಾಲಗೆಯೇ ದಾಳ. ನಿಮಗೆ ಪರಿಚಯವಿಲ್ಲದಿದ್ದರೆ ಹೇಳುತ್ತೇನೆ. ಯಕ್ಷಗಾನದ ಪ್ರಸಂಗವೇ, ಆದರೆ ವೇಷ ಕುಣಿತಗಳಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಚೆಂಡೆ ಮದ್ದಳೆ ಇರುತ್ತದೆ, ಎದುರುಬದುರು ಕುಳಿತ ಅರ್ಥಧಾರಿಗಳು ಆ ಪದ್ಯದ ಅರ್ಥವನ್ನು ಅಲ್ಲೇ, ಆ ಕ್ಷಣಕ್ಕೆ ಮಾತಿನಲ್ಲಿ ಕಟ್ಟುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ಮಳೆಗಾಲದಲ್ಲಿ ಊರಿನ ಮೇಳಗಳ ತಿರುಗಾಟ ನಿಂತಾಗ ಕಲಾವಿದರು ಮುಂಬಯಿಗೆ ಬರುತ್ತಿದ್ದರು, ಈಗಲೂ ಬರುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ಮಲ್ಪೆ ರಾಮದಾಸ ಸಾಮಗರು, ಕುಂಬ್ಳೆ ಸುಂದರ ರಾವ್ (1934–2022) ಇಂಥವರ ಹೆಸರು ಹೇಳಿದರೆ ನಿಮ್ಮ ಮನೆಯ ಹಿರಿಯರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ, ಪರೀಕ್ಷಿಸಿ ನೋಡಿ. ಸುಂದರ ರಾಯರು ಮುಂದೆ 1994ರಲ್ಲಿ ಸುರತ್ಕಲ್ಲಿನಿಂದ ಶಾಸಕರೂ ಆದರು. ಮಾತು ಎಲ್ಲಿಂದ ಎಲ್ಲಿಗೆ ಒಯ್ಯುತ್ತದೆ!

ತಾಳಮದ್ದಳೆಯಿಂದ ನಾನು ಭಾಗವತಿಕೆಗೆ ಎತ್ತಿಕೊಂಡದ್ದು ಮುಖ್ಯವಾಗಿ ಒಂದನ್ನು. ಎದುರಾಳಿಗೂ ಅರ್ಥವಿರಬೇಕು. ಶೇಣಿಯವರ ರಾವಣ, ವಾಲಿ, ಕೌರವ ಯಾಕೆ ಹೆಸರಾದವು? ಸೋಲುವ ಪಾತ್ರವೆಂದು ಗೊತ್ತಿದ್ದೂ ಆ ಪಾತ್ರದ ಕಡೆಯ ನ್ಯಾಯವನ್ನು ಪೂರ್ತಿಯಾಗಿ ಮುಂದಿಡುತ್ತಿದ್ದರು. ಕೇಳುವವನಿಗೆ ಒಂದು ಗಳಿಗೆ, ಹೌದಲ್ಲ, ಇವನು ಹೇಳುವುದರಲ್ಲೂ ಹುರುಳಿದೆ ಎನಿಸುತ್ತಿತ್ತು. ನಮ್ಮ ಸುಂಕದ ಅಧಿಕಾರಿಗೆ ಗುಮಾಸ್ತನ ಹೆದರಿಕೆ ಇರದೆ, ಅವನು ಬರೇ ಅಡ್ಡಗಾಲಾಗಿದ್ದರೆ, ದೋಣಿಯವಳ ಮಾತು ತಾಗಲು ಅಲ್ಲೇನೂ ಇರುತ್ತಿರಲಿಲ್ಲ.

ಇನ್ನು ಸೋತರೇನು ಗತಿ? ಎಳೆಯ ಭಾಗವತರು ಇಲ್ಲಿ ಎಡವುತ್ತಾರೆ. ಗುಂಪು ಸೋತಿತು, ಬಾಗಿಲು ಮುಚ್ಚಿತು, ಕಥೆ ನಿಂತಿತು. ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಕೃಷ್ಣ ಸಂಧಾನವನ್ನು ನೆನೆಯಿರಿ. ನಮ್ಮ ಸಾಹಿತ್ಯದಲ್ಲಿ ಅದಕ್ಕಿಂತ ಹೆಸರಾದ ಸೋತ ಸಂಧಾನ ಇನ್ನೊಂದಿಲ್ಲ. ಐದು ಹಳ್ಳಿಯೂ ಸಿಗಲಿಲ್ಲ. ಆದರೆ ಅಲ್ಲಿ ಏನೂ ಆಗಲಿಲ್ಲವೇ? ಕೃಷ್ಣ ವಿದುರನ ಮನೆಯಲ್ಲಿ ಉಳಿದ, ಕುಂತಿಯನ್ನು ಕಂಡ, ಹಿಂದಿರುಗುವಾಗ ಕರ್ಣನಿಗೆ ಅವನ ಜನ್ಮದ ಗುಟ್ಟು ಹೇಳಿದ. ಮೇಲೆ ಸೋತ ಸಭೆ ಕೆಳಗೆ ಯುದ್ಧದ ದಿಕ್ಕನ್ನೇ ಬದಲಿಸಿತು. ಇನ್ನೊಂದು ಸಂಗತಿಯನ್ನು ನಾವು ಮರೆಯುತ್ತೇವೆ. ಕೃಷ್ಣ ಒಬ್ಬನೇ ಹೋಗಿರಲಿಲ್ಲ, ಸಾತ್ಯಕಿ ಜೊತೆಗಿದ್ದ. ವ್ಯಾಸಭಾರತದಲ್ಲಿ ಸುಯೋಧನಾದಿಗಳು ಕೃಷ್ಣನನ್ನು ಕಟ್ಟಿಹಾಕಲು ಗುಟ್ಟಾಗಿ ಮಾಡಿದ ಹೊಂಚನ್ನು ಮೊದಲು ಗ್ರಹಿಸಿದವನು ಈ ಸಾತ್ಯಕಿ. ಕೃತವರ್ಮನಿಗೆ ಸೇನೆಯನ್ನು ಸಜ್ಜುಗೊಳಿಸಲು ಹೇಳಿ, ಒಳಗೆ ಬಂದು ಕೃಷ್ಣನಿಗೆ ತಿಳಿಸಿದ. ಮಾತಾಡುವವನು ಮಾತಾಡುತ್ತಿರುವಾಗ ಸುತ್ತ ನೋಡುವ ಕಣ್ಣೊಂದು ಬೇಕು. ಆಟದ ಭಾಷೆಯಲ್ಲಿ ಹೇಳುವುದಾದರೆ ಕೃಷ್ಣನ ದಾಳ ಸೋತಿತು, ಸಾತ್ಯಕಿಯ ದಾಳ ಗೆದ್ದಿತು.

ಆದ್ದರಿಂದ ಎಣಿಕೆಯ ಮೆಟ್ಟಿಲು ನೋಡಿ ಫಲ ಕೊಡಿ. ಐವರಲ್ಲಿ ಇಬ್ಬರೇ ಗೆದ್ದರೆ ಕೇಳಿದ್ದರಲ್ಲಿ ಅರ್ಧವೋ, ಅಥವಾ ಪೂರ್ತಿ ಸಿಕ್ಕಿ ಅದಕ್ಕೊಂದು ಬೆಲೆಯೋ. ಐವರೂ ಗೆದ್ದರೆ ಕೇಳದೇ ಇದ್ದದ್ದೂ ಒಂದು. ಒಬ್ಬರೂ ಗೆಲ್ಲದಿದ್ದರೆ ಹೊಸ ತೊಂದರೆ, ಆದರೆ ಹೊಸ ಸುದ್ದಿಯೂ ಒಂದು.

ಇದೆಲ್ಲ ಬರೇ ಆಟದ ಮಾತೆಂದುಕೊಳ್ಳಬೇಡಿ. 1996ರಲ್ಲಿ ನಾವು ಕೆಲವರು ಭಾನುವಾರ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಲು ಜಾಗ ಹುಡುಕುತ್ತಿದ್ದೆವು. ಒಂದು ಹೌಸಿಂಗ್ ಸೊಸೈಟಿಯ ಆಫೀಸು ಕೋಣೆ ಭಾನುವಾರ ಖಾಲಿ ಇರುತ್ತಿತ್ತು. ನಮ್ಮಲ್ಲಿ ಮರಾಠಿಯನ್ನು ಸೊಗಸಾಗಿ ಮಾತಾಡುವ ಹಿರಿಯರೊಬ್ಬರು ಎರಡು ಸಲ ಹೋಗಿ ಬರಿಗೈಯಲ್ಲಿ ಬಂದರು. ಕಮಿಟಿಯವರು ಉಪಚರಿಸಿ ಚಹಾ ಕೊಟ್ಟರು, ಕೋಣೆ ಕೊಡಲಿಲ್ಲ. ಮೂರನೆಯ ಸಲ ಐವರು ಹೋದೆವು. ಒಬ್ಬರು ಆ ಕಟ್ಟಡದ ಪಂಪಿನ ಮೋಟಾರು ಕೆಟ್ಟಾಗಲೆಲ್ಲ ರಿಪೇರಿ ಮಾಡುತ್ತಿದ್ದವರು. ಒಬ್ಬರು ಗಣೇಶೋತ್ಸವಕ್ಕೆ ಅಲ್ಲಿ ರಂಗೋಲಿ ಹಾಕುತ್ತಿದ್ದ ಮಹಿಳೆ. ಒಬ್ಬರು ಹೋಟೆಲಿನ ಮ್ಯಾನೇಜರು, ಏನೂ ಮಾತಾಡದೆ ಬಾಗಿಲ ಬಳಿ ನಿಂತು ಬಂದು ಹೋಗುವವರನ್ನೆಲ್ಲ ಹೆಸರಿಡಿದು ವಿಚಾರಿಸಿದರು. ನಾನು ಮಕ್ಕಳ ಪಟ್ಟಿ ಹಿಡಿದಿದ್ದೆ. ಕಮಿಟಿಯ ನಿಜವಾದ ಹೆದರಿಕೆ ಕನ್ನಡದ್ದಲ್ಲ, ಒಮ್ಮೆ ಒಳಗೆ ಬಂದವರು ಕೋಣೆಯನ್ನು ಮತ್ತೆ ಬಿಟ್ಟುಕೊಡುತ್ತಾರೋ ಇಲ್ಲವೋ ಎಂಬುದು ಎಂದು ರಂಗೋಲಿಯವರಿಗೆ ಹೆಂಗಸರ ಮಾತಿನಿಂದ ತಿಳಿಯಿತು. ಪಂಪಿನವರು ಕೂಡಲೇ, "ಬೀಗ ನಿಮ್ಮದೇ, ಬೀಗದ ಕೈ ನಿಮ್ಮದೇ, ನಾವು ಪ್ರತಿ ವಾರ ಕೇಳಿ ಪಡೆಯುತ್ತೇವೆ" ಎಂದರು. ಕೋಣೆ ಸಿಗಲಿಲ್ಲ. ಟೆರೇಸಿನ ಕೆಳಗಿನ ಮೆಟ್ಟಿಲ ಚೌಕ ಸಿಕ್ಕಿತು, ಎರಡು ಗಂಟೆ, ಒಂದು ಬಲ್ಬು. ನಾಲ್ಕು ವರ್ಷ ಅಲ್ಲಿ ಪಾಠ ನಡೆಯಿತು. ನಿಮ್ಮಲ್ಲಿ ಇಬ್ಬರ ತಾಯಂದಿರು ಆ ಮೆಟ್ಟಿಲ ಮೇಲೆ ಕುಳಿತು ಅ ಆ ಇ ಈ ತಿದ್ದಿದವರು. ಐವರಲ್ಲಿ ಎಷ್ಟು ದಾಳ ಗೆದ್ದಿತು ಎಂದು ನೀವೇ ಎಣಿಸಿ.

ಎಲ್ಲ ಮಾತಿಗೂ ಗುಂಪು ಪರೀಕ್ಷೆ ಇಡಬೇಡಿ, ಇದನ್ನೂ ಹೇಳಿಬಿಡುತ್ತೇನೆ. ಅಂಗಡಿಯವನ ಹತ್ತಿರ ಹಗ್ಗದ ಬೆಲೆ ಕೇಳಲು ಐವರು ದಾಳ ಹಾಕಿದರೆ ಹಾಸ್ಯಾಸ್ಪದ. ಒಬ್ಬ ಪಾತ್ರ ತನ್ನ ತಂದೆಯ ಎದುರು ನಿಂತು ಹೇಳಬೇಕಾದ ಮಾತಿದ್ದರೆ ಅಲ್ಲಿಯೂ ಬೇಡ, ಅದು ಅವರಿಬ್ಬರ ನಡುವಿನದು. ವೇಷ ಮರೆಸಿಕೊಂಡು ಔತಣಕ್ಕೆ ನುಗ್ಗಿದಾಗ ಮಾತ್ರ ಒಬ್ಬ ಸಿಕ್ಕಿಬಿದ್ದರೂ ಎಲ್ಲರೂ ಸಿಕ್ಕಿಬಿದ್ದಂತೆ. ಅಂಥಲ್ಲಿ ಅರ್ಧದ ನಿಯಮ ಸುಳ್ಳೆನಿಸುತ್ತದೆ. ಹಾಗಾದರೆ ಐವರೂ ಹೊರೆ ಹೊರಬೇಕಾದ ಸಂದರ್ಭ ಯಾವುದು? ಹೆಣ್ಣು ನೋಡಲು ಹೋಗುವುದನ್ನು ನೆನೆಯಿರಿ. ಕೋಪರಿಯ ಒಂದು ಕೋಣೆ ಅಡುಗೆಮನೆಯ ಮನೆಗೆ ಏಳು ಮಂದಿ ನುಗ್ಗುತ್ತಿದ್ದರು. ಹುಡುಗ ಮಾತಾಡುವುದೇ ಇಲ್ಲ. ಭಾವ ಸಂಬಳ ವಿಚಾರಿಸುತ್ತಾನೆ, ಚಿಕ್ಕಮ್ಮ ಅಡುಗೆಮನೆಯ ಡಬ್ಬಿಗಳನ್ನು ಕಣ್ಣಿನಲ್ಲೇ ಎಣಿಸುತ್ತಾಳೆ, ಅಜ್ಜ ಮೂಲಸ್ಥಾನ ಕೇಳಿ ನೆಂಟಸ್ತಿಕೆ ಜೋಡಿಸುತ್ತಾನೆ, ಚಿಕ್ಕ ತಂಗಿಯೊಬ್ಬಳು ಒಳಗೆ ಹೋಗಿ ಹುಡುಗಿಯೊಡನೆ ನಕ್ಕು ಬರುತ್ತಾಳೆ. ಸಂಬಂಧ ಕುದುರುತ್ತಿದ್ದುದು ಬಹಳ ಸಲ ಆ ತಂಗಿಯ ದಾಳದಿಂದ!

ಇಪ್ಪತ್ತು ಮುಖದ ದಾಳ ಇಲ್ಲದವರು ಕೊಳ್ಳಲು ಓಡಬೇಕಾಗಿಲ್ಲ. 1ರಿಂದ 20ರವರೆಗೆ ಚೀಟಿ ಬರೆದು ಡಬ್ಬಿಯಲ್ಲಿ ಹಾಕಿ, ಒಂದನ್ನು ಎತ್ತಿ, ನೋಡಿದ ಮೇಲೆ ಮತ್ತೆ ಒಳಗೆ ಹಾಕಿ ಕುಲುಕಿ. ಹಾಕದಿದ್ದರೆ ಲೆಕ್ಕ ತಪ್ಪುತ್ತದೆ. ಸಂಖ್ಯೆಗಳನ್ನು ಕನ್ನಡದಲ್ಲೇ ಬರೆದರೆ ನನಗೆ ಸಂತೋಷ. ೬ ಮತ್ತು ೯ನ್ನು ಮಾತ್ರ ಸ್ಪಷ್ಟವಾಗಿ ಬರೆಯಿರಿ, ಕಳೆದ ಭಾನುವಾರ ಇದೇ ವಿಷಯಕ್ಕೆ ಒಂದು ದೊಡ್ಡ ವ್ಯಾಜ್ಯವಾಯಿತು. ದೋಣಿಯವಳು ಈಗ ಸ್ಥಾನಕದಲ್ಲೇ ಉಳಿದಿದ್ದಾಳೆ. ಅಧಿಕಾರಿಯ ಗುಮಾಸ್ತ ಅವಳನ್ನು ಕಾಣಲು ಬಯಸಿದ್ದಾನಂತೆ, ಯಾಕೆಂದು ಹೇಳಿಲ್ಲ. ಅವಳು ವರ್ತಕನನ್ನು ಜೊತೆಗೆ ಕರೆದೊಯ್ಯುವುದಿಲ್ಲವಂತೆ.